ಕೇರಿ ಅಂಚಿನ ಸೋರಿಕೆ

ಓಬಳಪ್ಪ ಜಗಳೂರು ಕಡೆಯ ಒಂದು ಊರಿನ ನೀರುಗಂಟಿ; ನಲ್ಲಿಗಳಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ೧೯೮೩ರ ಬೇಸಿಗೆಯಲ್ಲಿ ಟ್ಯಾಂಕಿಗೆ ಏರಿಸಿದ ನೀರಿನಲ್ಲಿ ಅರ್ಧದಷ್ಟೂ ನಲ್ಲಿಗಳಿಗೆ ಮುಟ್ಟುತ್ತಿರಲಿಲ್ಲ. ಪೇಟೆ ಬೀದಿಯವರು ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಕೂತ ಮೇಲೆ, ಸೋರಿಕೆ ಹುಡುಕಲು ಇಂಜಿನಿಯರ್ ಮಲ್ಲಿಕಾರ್ಜುನಪ್ಪ ತಾವೇ ಬಂದರು.

ಇಬ್ಬರೂ ಬೆಳಗಿನಿಂದ ಪೈಪಿನ ಹಾದಿಯಲ್ಲಿ ನಡೆದರು. ಅಲ್ಲಲ್ಲಿ ಓಬಳಪ್ಪ ಕಬ್ಬಿಣದ ಸಲಾಕೆಯನ್ನು ನೆಲಕ್ಕೂರಿ ಅದರ ತುದಿಗೆ ಕಿವಿಯಿಟ್ಟು ಸದ್ದು ಕೇಳುತ್ತಿದ್ದ. ಸೋರಿಕೆ ಎಲ್ಲಿದೆಯೆಂದು ಅವನಿಗೆ ಮೊದಲೇ ಗೊತ್ತಿತ್ತು. ಕೇರಿಯ ಅಂಚಿನಲ್ಲಿ ಪೈಪಿನ ಜಾಯಿಂಟು ಬಿಟ್ಟು ಎರಡು ವರ್ಷವಾಗಿತ್ತು. ಕೇರಿಗೆ ನಲ್ಲಿ ಇರಲಿಲ್ಲ. ಅಲ್ಲಿನ ನಲವತ್ತು ಮನೆಯವರು ಸೋರಿ ನಿಂತ ಆ ಗುಂಡಿಯ ನೀರನ್ನೇ ಮೊಗೆದು ಒಯ್ಯುತ್ತಿದ್ದರು. ಓಬಳಪ್ಪ ಯಾರಿಗೂ ಹೇಳಿರಲಿಲ್ಲ. ಈಗಲೂ ಸುತ್ತು ದಾರಿ ಹಿಡಿಸಿ ನೋಡಿದ. ಮಧ್ಯಾಹ್ನ ಇಂಜಿನಿಯರರ ಕಣ್ಣಿಗೆ ಸಾಲುಗಟ್ಟಿದ ಕೊಡಗಳು ಬಿದ್ದವು.

"ನಿನಗೆ ಇದು ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಇವರಿಗೆ ಬೇರೆ ನೀರಿಲ್ಲ, ಸಾಹೇಬ್ರೆ."

ಮಲ್ಲಿಕಾರ್ಜುನಪ್ಪ ಕೆಟ್ಟ ಮನುಷ್ಯರಲ್ಲ. "ನೀರು ನಿಲ್ಲಿಸಿದಾಗ ಈ ಕೊಚ್ಚೆಯೆಲ್ಲ ಪೈಪಿನೊಳಗೆ ಹೋಗ್ತದೆ. ಊರಿಗೆ ವಾಂತಿಭೇದಿ ಹತ್ತಿದರೆ ಯಾರು ಹೊಣೆ? ಮೊದಲು ಮುಚ್ಚು. ಇಲ್ಲಿಗೊಂದು ನಲ್ಲಿ ಬೇಕು ಅಂತ ಮೇಲಕ್ಕೆ ಬರೀತೀನಿ," ಎಂದರು.

ಮರುದಿನ ಓಬಳಪ್ಪ ಸೀಸ ಕಾಯಿಸಿ ಜಾಯಿಂಟಿಗೆ ಹೊಯ್ದ. ಕೇರಿಯ ಮುದುಕಿ ಅಜ್ಜಮ್ಮ ಕೊಡ ಹಿಡಿದು ನೋಡುತ್ತ ನಿಂತಿದ್ದಳು.

"ಎಂಟು ದಿನ ತಡ್ಕಾ ಅಜ್ಜಿ, ನಲ್ಲಿ ಬರ್ತೈತೆ."

"ಎಂಟು ದಿನ ಕುಡಿಯಾಕೆ ಏನು ಮಾಡಾನಪ್ಪ?"

ಪೇಟೆಯಲ್ಲಿ ನೀರು ಜೋರಾಗಿ ಬಂತು. ಅಲ್ಲಿನ ನಲ್ಲಿಗಳ ಹತ್ತಿರ ಕೇರಿಯವರನ್ನು ಯಾರೂ ಬಿಡಲಿಲ್ಲ. ಹೆಂಗಸರು ಮೈಲಿ ದೂರದ ಹಳೇ ಕಲ್ಲುಗಣಿಗೆ ಇಳಿದು ನೀರು ತರತೊಡಗಿದರು. ಓಬಳಪ್ಪ ಎರಡು ಸಲ ಕಚೇರಿಗೆ ಹೋಗಿ ಕೇಳಿದ. ಕಾಗದ ಮೇಲೆ ಹೋಗಿದೆ ಎಂದರು. ಇಪ್ಪತ್ತನೆಯ ದಿನ ಅಜ್ಜಮ್ಮನ ಸೊಸೆ ಉಚ್ಚಂಗಮ್ಮ ಗಣಿಯ ಪಾಚಿಗಲ್ಲಿನ ಮೇಲೆ ಜಾರಿದಳು. ಹೆಣ ಮೇಲೆತ್ತುವಾಗ ಓಬಳಪ್ಪನೂ ಹಗ್ಗ ಹಿಡಿದಿದ್ದ.

ಅದಾಗಿ ವಾರದೊಳಗೆ ಕೇರಿಗೆ ನಲ್ಲಿ ಬಂತು. ಮೊದಲ ದಿನ ನೀರು ಬಿಟ್ಟು ಅವನು ಅಲ್ಲಿಗೆ ಹೋದ. ಎಲ್ಲರೂ ತುಂಬಿಕೊಳ್ಳುತ್ತಿದ್ದರು, ಅಜ್ಜಮ್ಮ ಮಾತ್ರ ಜಗುಲಿ ಬಿಟ್ಟು ಏಳಲಿಲ್ಲ. ಅವನೇ ಅವಳ ಕೊಡ ತುಂಬಿ ತಂದಿಟ್ಟ.

"ನಲ್ಲಿ ಹಾಕಿದ ಮೇಲೆ ಮುಚ್ತೀನಿ ಅಂತ ಅವತ್ತೇ ಸಾಹೇಬ್ರಿಗೆ ಅನ್ನಬೇಕಿತ್ತು ನೀನು," ಎಂದಳು.

"ಅನ್ನಬೇಕಿತ್ತು, ಅಜ್ಜಿ."

ಅವನು ಜಗುಲಿಯ ತುದಿಗೆ ಕೂತ. ಟ್ಯಾಂಕಿಗೆ ಹೋಗಿ ನೀರು ನಿಲ್ಲಿಸುವ ಹೊತ್ತಾಗಿತ್ತು. ಕೇರಿಯ ಕೊನೆಯ ಕೊಡ ತುಂಬುವವರೆಗೆ ಓಬಳಪ್ಪ ಅಲ್ಲಿಂದ ಏಳಲಿಲ್ಲ.