ಒಂದೇ ಲೆನ್ಸು, ಮೂರು ಕ್ಯಾಮರಾ

ಆ ಮೂಲೆಯಲ್ಲಿ ಬಣ್ಣ ಸಿಪ್ಪೆ ಎದ್ದಿದೆ, ಹಳೇದನ್ನು ಕೆರೆಯದೆ ಹಾಗೇ ಮೇಲೆ ಬಳಿದುಬಿಟ್ಟಿದ್ದಾರೆ ಕಳ್ಳರು, ಅಪ್ಪಾ ಗೋಡೆ ನೋಡಬೇಡ, ನನ್ನ ಕಡೆ ನೋಡ್ಕೊಂಡು ಬಾ, ಮಗಳ ಕೂಗು, ಆಯ್ತು ತಾಯಿ ಬಂದೆ, ಮುದುಕ ಮತ್ತೆ ಓಣಿಯ ಆ ತುದಿಯಿಂದ ಎಡಗಾಲು ಎಳೆಯುತ್ತ ಹೆಜ್ಜೆ ಹಾಕುತ್ತಾನೆ — ಆಯುಸ್ಸೆಲ್ಲ ಗೋಡೆಗೆ ಬಣ್ಣ ಬಳಿದವನಿಗೆ ಈ ವಯಸ್ಸಿನಲ್ಲಿ ಕ್ಯಾಮರಾದ ಎದುರು ನಡೆಯುವ ಕೆಲಸ ಸಿಕ್ಕಿತಲ್ಲ, ನಗು ಬರುತ್ತದೆ. ಮಗಳದು ಕ್ಯಾಮರಾ ಬಾಡಿಗೆಗೆ ಕೊಡುವ ಅಂಗಡಿ, ದೂರದ್ದನ್ನು ಹತ್ತಿರ ಎಳೆಯುವ ಆ ಉದ್ದನೆಯ ಲೆನ್ಸ್ ಯಾವ ಕ್ಯಾಮರಾದಲ್ಲಿ ಬೇಗ ಫೋಕಸ್ ಹಿಡಿಯುತ್ತೆ ಅಂತ ನೋಡಬೇಕಂತೆ, ಅದಕ್ಕೆ ಎದುರಿನಿಂದ ಯಾರಾದರೂ ನಡೆದು ಬರಬೇಕಂತೆ; ಅವಳ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತವಳು ಅವನ ಹೆಂಡತಿ, ಬೆಳಿಗ್ಗೆ ಅವನು ಕಾಫಿ ಲೋಟ ಕೈಗಿಟ್ಟಾಗ ಮಗಳ ಕಿವಿಯಲ್ಲಿ ಕೇಳಿದಳು, ಯಾರೇ ಅವರು, ಪಾಪ, ಒಳ್ಳೆಯವರ ಹಾಗೆ ಕಾಣ್ತಾರೆ. ಒಳ್ಳೆಯವರ ಹಾಗೆ! ಮದುವೆಯಾದಾಗಿನಿಂದ ಒಂದು ದಿನವಾದರೂ ಅಂದಿದ್ದಳೇ ಆ ಮಾತು.

ಮೊದಲನೆಯ ಕ್ಯಾಮರಾ ಹಳೆಯದು, ಲೆನ್ಸ್ ಝುಂಯ್ ಅಂತ ಒಳಗೊಳಗೇ ಹಿಂದೆ ಮುಂದೆ ತಡಕಾಡಿತು, ಗೋಡೆ ಹಿಡಿಯಿತು, ಅಂಗಿಯ ಗುಂಡಿ ಹಿಡಿಯಿತು, ಮುಖ ಹಿಡಿಯುವಷ್ಟರಲ್ಲಿ ಅವನು ದಾಟಿಯೇ ಹೋಗಿದ್ದ. ಎರಡನೆಯದು ಮುಖ ಹಿಡಿಯಿತು, ಅವನು ಕಂಬದ ಮರೆಗೆ ಹೋದೊಡನೆ ಕೈಬಿಟ್ಟಿತು. ಮೂರನೆಯದು — ಅಬ್ಬಾ, ಮಗಳು ಪರದೆಯಲ್ಲಿ ತೋರಿಸಿದಳಲ್ಲ, ಬೆರಳುದ್ದದ ಮುದುಕ, ಅವನ ಕಣ್ಣ ಮೇಲೆ ಅಕ್ಕಿಕಾಳಿನಷ್ಟು ಹಸಿರು ಚೌಕ, ಫೋಕಸ್ ಹಿಡಿದ ಗುರುತಂತೆ ಅದು, ಅವನು ಕುಂಟಿದರೆ ಅದೂ ಕುಂಟುತ್ತದೆ, ಕಂಬ ದಾಟಿ ಬಂದರೆ ಮತ್ತೆ ಅದೇ ಕಣ್ಣು, ಕಾದು ಕೂತಿತ್ತೇನೋ ಎನ್ನುವ ಹಾಗೆ, ಇಷ್ಟು ಸುಕ್ಕುಗಳ ನಡುವೆ ಕನ್ನಡಿಯಲ್ಲಿ ತನಗೇ ಸಿಗದ ಕಣ್ಣು ಅದಕ್ಕೆ ಹೇಗೆ ಸಿಕ್ಕಿತು ದೇವರೇ, ಹುಟ್ಟಿದ ಮೇಲೆ ಒಂದು ಸಲವೂ ನನ್ನನ್ನು ನೋಡಿರದ ವಸ್ತುವಿಗೆ. ಲೆನ್ಸ್ ಬೇರೆ ಹಾಕಿದ್ಯೇನೇ? ಇಲ್ಲಪ್ಪ, ಲೆನ್ಸ್ ಅದೇ, ಹಿಂದಿರೋ ಕ್ಯಾಮರಾ ಬೇರೆ. ಹಿಂದಿರೋದು ಬೇರೆ — ಡಾಕ್ಟರು ಅಂದದ್ದೂ ಹೆಚ್ಚುಕಡಿಮೆ ಅದೇ ಅಲ್ಲವೇ, ಅಮ್ಮನ ಕಣ್ಣಿಗೇನೂ ಆಗಿಲ್ಲ ಯಜಮಾನ್ರೇ, ಕಂಡಿದ್ದು ಯಾರು ಅಂತ ಹಿಡಿಯೋದು ತಡ ಆಗುತ್ತೆ, ಕೆಲವು ದಿನ ಸಿಗೋದೇ ಇಲ್ಲ.

ಇನ್ನೊಂದು ಸಲ ಬರ್ತೀನಿ ಮಗಾ. ಮುಗೀತಪ್ಪ, ಸಾಕು. ನಿನಗಲ್ಲ ಕಣೇ. ಮತ್ತೆ ಓಣಿಯ ಆ ತುದಿ, ಮತ್ತೆ ಎಡಗಾಲು, ಈ ಸಲ ಲೆನ್ಸ್ ಕಡೆಗಲ್ಲ, ಕುರ್ಚಿಯ ಕಡೆಗೆ, ಅವಳ ನೋಟ ಗೋಡೆಗೆ ಹೋಯಿತು, ಕಂಬಕ್ಕೆ, ಅವನ ಅಂಗಿಗೆ, ಅವನನ್ನು ದಾಟಿ ಹಿಂದಕ್ಕೆ, ಮತ್ತೆ ಇತ್ತ, ಅವಸರ ಬೇಡ ಮಾರಾಯ್ತಿ, ನಿಧಾನವಾಗಿ ಹಿಡಿ, ನಾನೇನು ದಾಟಿ ಹೋಗುವವನಲ್ಲ, ಬೇಕಾದರೆ ಇಲ್ಲೇ ನಿಲ್ಲುತ್ತೇನೆ, ನಿಂತ, ನೋಟ ಮುಖಕ್ಕೆ ಬಂತು, ಹೋಯಿತು, ಬಂತು — ಏನ್ರೀ, ಬಿಸಿಲಲ್ಲಿ ಯಾಕ್ ನಿಂತ್ರಿ, ನಿಮಗೆ ಯಾವತ್ತು ಬುದ್ಧಿ ಬರುತ್ತೋ — ಅವಳ ಕಣ್ಣು, ಅಲ್ಲಾಡದೆ, ಅವನ ಕಣ್ಣಿನ ಮೇಲೆ, ಅವಳ ಕಣ್ಣು.