ಅಂದಾನೆಪ್ಪನವರ ಗಾಡಿಗೆ ಎರಡನೇ ಫ್ಯಾನು

"ಗಾಡಿ ಇನ್ನ ಬೆವತಽ ಇಲ್ರಿ ಸಾವ್ಕಾರ್ರ, ಫ್ಯಾನು ಹೆಂಗ ತಿರುಗೀತು?" ಎಂದ ಮೆಕ್ಯಾನಿಕ್ ಮಹಮ್ಮದ್ ಹನೀಫ್. "ನೀರು ಕಾಯಬೇಕು, ಆಮ್ಯಾಲೆ ತಾನಽ ಚಾಲೂ ಆಗತೈತಿ. ಅಲ್ಲೀತನಕ ಚಾ ಕುಡೀರಿ."

ಅಂದಾನೆಪ್ಪನವರು ಚಾ ಮುಟ್ಟಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವರು. ಪೇಟೆಯ ಹರಾಜಿನ ಸವಾಲಿನಲ್ಲೂ ಇಷ್ಟು ಚಡಪಡಿಸಿದವರಲ್ಲ. ರಾಣೇಬೆನ್ನೂರಿನ ಈ ಗ್ಯಾರೇಜಿನ ಮುಂದೆ ಗುರುಗುಡುತ್ತ ನಿಂತಿದ್ದ ಗಾಡಿ ಅವರ ಹರೆಯದ್ದು. ಎರಡೇ ಸೀಟು, ತಲೆಯ ಮೇಲೆ ಮುಚ್ಚಿಗೆಯಿಲ್ಲ, ಕೆಂಪು ಬಣ್ಣದ ವಿಲಾಯತಿ ಸ್ಪೋರ್ಟ್ಸ್ ಕಾರು. ಮದುವೆಯಾದ ವರ್ಷ ಮುಂಬೈಯಿಂದ ತಂದದ್ದು. ಹೊಸ ಹೆಂಡತಿಗೆ ಐರಣಿಯಲ್ಲಿ ಹೊಳೆ ತೋರಿಸುತ್ತೇನೆಂದು ಹೊರಟರೆ ಅರ್ಧ ದಾರಿಯಲ್ಲೇ ರೇಡಿಯೇಟರ್ ಕುದಿದು ಗಾಡಿ ನಿಂತುಬಿಟ್ಟಿತ್ತು. ಸಂಜೆಗೆ ಹಲಗೇರಿಯವನೊಬ್ಬ ಎತ್ತು ಹೂಡಿ ಎಳೆದು ತಂದ. ಬ್ಯಾಡಗಿ ತುಂಬ ಅದೇ ನಗೆ. "ಸೊಸಿ ಹಂಗ ಬಯಲಾಗ ಕುಂತು ತಿರುಗೂದು ಬ್ಯಾಡ" ಎಂದು ತಾಯಿ ಅಂದದ್ದೇ ನೆವ, ಗಾಡಿ ಮೆಣಸಿನಕಾಯಿ ಗೋದಾಮಿನ ಮೂಲೆ ಸೇರಿತು. ಮಕ್ಕಳ ಮದುವೆಗಳೆಲ್ಲ ಮುಗಿಯುವವರೆಗೂ ಅಲ್ಲೇ ಇತ್ತು.

ಈ ಗ್ಯಾರೇಜಿನ ಸಂಗತಿ ೧೯೮೯ರ ಮಾತು. ಗಾಡಿಯನ್ನು ಹೊರತೆಗೆಸಿ, ಇಂಜಿನ್ನಿನ ಫ್ಯಾನೊಂದೇ ಸಾಲದೆಂದು ರೇಡಿಯೇಟರಿನ ಮುಂದೆ ಇನ್ನೊಂದು ಕರೆಂಟಿನ ಫ್ಯಾನು ಕೂರಿಸಿದ್ದರು. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಮಾರುತಿ ಕಾರಿನ ಫ್ಯಾನು.

"ಅಕ್ಕಾರ, ಈ ಸಲ ನೀವು ಹೊಳಿ ನೋಡೇ ಬರ್ತೀರಿ," ಎಂದ ಹನೀಫ್, ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದ ಸಾವ್ಕಾರರ ಹೆಂಡತಿ ಸೋಮವ್ವನವರಿಗೆ.

"ಹೊಳಿ ಎಲ್ಲಿ ಹೋಗತೈತಪಾ, ಅಲ್ಲೇ ಇರತೈತಿ."

"ಎಲ್ಲೂ ನಿಲ್ಲೂ ಮಾತಽ ಇಲ್ಲ," ಎಂದರು ಅಂದಾನೆಪ್ಪ. "ಸೀದಾ ಐರಣಿ."

ಸೋಮವ್ವ ಬಳೆ ತಿರುಗಿಸುತ್ತ ಕುಳಿತರು.

ನೀರಿನ ಬಿಸಿ ತೋರಿಸುವ ಮುಳ್ಳು ಏರಿತು. ಮೂವರೂ ಗಾಡಿಯ ಮೂತಿಗೆ ಬಗ್ಗಿ ನಿಂತರು. ಟಕ್ ಎಂದು ಫ್ಯಾನು ತಿರುಗಿತು, ಆದರೆ ಗಾಳಿ ಒಳಗೆ ಎಳೆಯುವ ಬದಲು ಹೊರಗೆ ಬೀಸಿತು. ಇಷ್ಟು ವರ್ಷ ರೇಡಿಯೇಟರಿನ ಸಂದಿಯಲ್ಲಿ ಕೂತಿದ್ದ ಮೆಣಸಿನಕಾಯಿ ಧೂಳೆಲ್ಲ ಬಿಸಿಗೆ ಹುರಿದು ಮುಖಕ್ಕೇ ಬಂತು. ಹನೀಫ್ ಸೀನಿದ, ಸಾವ್ಕಾರರು ಸೀನಿದರು, ಪಕ್ಕದ ಪಂಕ್ಚರ್ ಅಂಗಡಿಯವನೂ ಸೀನಿದ.

"ಏನಪಾ ಹನೀಫ, ಗಾಡಿಗಿ ಒಗ್ಗರಣಿ ಹಾಕಿದೇನು?" ಎಂದರು ಸೋಮವ್ವ, ಕಣ್ಣೊರೆಸಿಕೊಳ್ಳುತ್ತ.

"ತಪ್ಪಾತ್ರಿ ಅಕ್ಕಾರ. ಈ ಹಳೇ ವಿಲಾಯತಿ ಗಾಡ್ಯಾಗ ಬ್ಯಾಟ್ರಿ ಜೋಡಣಿನಽ ಉಲ್ಟಾ. ಅದಕ್ಕ ಫ್ಯಾನೂ ಉಲ್ಟಾ ತಿರುಗೇತಿ."

ಇಂಜಿನ್ ಆರಲು ಬಿಟ್ಟು, ರೇಡಿಯೇಟರ್ ತೊಳೆದು, ಎರಡು ವೈರು ಅದಲುಬದಲು ಮಾಡಿ ಮತ್ತೆ ಕಾಯಿಸಿದ. ಈ ಸಲ ಯಾರೂ ಮೂತಿಯ ಹತ್ತಿರ ಸುಳಿಯಲಿಲ್ಲ. ಹನೀಫ್ ದೂರದಿಂದಲೇ ಕೈ ಚಾಚಿ ಬೀಡಿ ಕಟ್ಟಿನ ಕಾಗದ ಹಿಡಿದ. ಅದು ಹೋಗಿ ಜಾಲರಿಗೆ ಅಂಟಿಕೊಂಡಿತು. ಮುಳ್ಳು ಇಳಿಯಿತು.

"ಈ ಸ್ವಿಚ್ ಕೆಳಗಽ ಇರ್ಲಿ ಸಾವ್ಕಾರ್ರ. ಮ್ಯಾಲೆ ಎತ್ತಿದ್ರ ಫ್ಯಾನು ಬಂದ್, ನೀರು ಕುದೀತೈತಿ. ಮುಟ್ಟಬ್ಯಾಡ್ರಿ."

ಐರಣಿ ದಾರಿಯಲ್ಲಿ ಮೇವಿನ ಚಕ್ಕಡಿಯೊಂದು ಅಡ್ಡವಾಯಿತು. ಅದರ ಹಿಂದೆ ಎತ್ತಿನ ನಡಿಗೆಯಲ್ಲೇ ಹೋಗಬೇಕು. ಫ್ಯಾನು ಗುಂಯ್ ಎನ್ನುತ್ತಿತ್ತು.

"ನೋಡಿದೇನು, ಮುಳ್ಳು ಅರ್ಧಕ್ಕಿಂತ ಮ್ಯಾಲೆ ಹೋಗವಲ್ದು."

"ಹೂಂ."

"ಯಾಕ, ಮನಸಿಗಿ ಬರಲಿಲ್ಲೇನು?"

"ಹಂಗೇನಿಲ್ರಿ." ಸೋಮವ್ವ ರಸ್ತೆಯ ದಂಡೆಯತ್ತ ನೋಡುತ್ತ ಕೇಳಿದರು, "ಆ ಬೇವಿನ ಗಿಡ ಐತೋ, ಕಡದಾರೋ?"

"ಯಾವ ಗಿಡ?"

"ಅವತ್ತ ಗಾಡಿ ನಿಂತಿತ್ತಲ್ರಿ, ಅದರ ಕೆಳಗ ಕುಂತಿದ್ವಿ. ಸಣ್ಣಾವ ಇದ್ದಾಗ ಎಮ್ಮಿ ಮ್ಯಾಲಿಂದ ಬಿದ್ದದ್ದು ಹೇಳಿದ್ರಿ ನೀವು. ನಾ ನಮ್ಮವ್ವನ ಬೀಸೂ ಹಾಡು ಹೇಳಿದೆ. ಎತ್ತು ಬರೂತನಕ ಅದೇನು ಮಾತೋ ಏನೋ. ಆಮ್ಯಾಲೆ ಮನಿ ತುಂಬ ಮಂದಿ, ಕೆಲಸ, ಮಕ್ಳು. ಅಷ್ಟು ಮಾತು ನಾವು ಮತ್ತ ಆಡಲೇ ಇಲ್ಲ."

ಅಂದಾನೆಪ್ಪನವರಿಗೆ ನೆನಪಿದ್ದದ್ದು ಎತ್ತು, ಹಗ್ಗ, ಊರವರ ನಗೆ. ಅವರು ಚಕ್ಕಡಿಯ ಆಚೆ ಇಣುಕಿ ನೋಡಿದರು. ದೂರದಲ್ಲಿ, ತಿರುವಿನ ಹತ್ತಿರ, ಗಿಡ ಇತ್ತು. ಮೊದಲಿಗಿಂತ ದಪ್ಪವಾಗಿತ್ತು.

"ನಿಲ್ಲಸ್ಲೇನು?"

"ಬ್ಯಾಡ್ರಿ. ಈ ವಯಸ್ಸಿನ್ಯಾಗ ಗಂಡ ಹೆಂಡ್ತಿ ಸುಮ್‌ಸುಮ್ನ ರಸ್ತೆ ದಂಡಿಗಿ ಕುಂತ್ರ ಹೋಗು ಬರು ಮಂದಿ ಏನಂದಾರು. ಅವತ್ತಾದ್ರ ಗಾಡಿ ಕೆಟ್ಟಿತ್ತು."

ಅಂದಾನೆಪ್ಪ ಎಡಗೈ ಚಾಚಿ ಸ್ವಿಚ್ಚನ್ನು ಮೇಲೆತ್ತಿದರು. ಗುಂಯ್ ಎನ್ನುವ ಸದ್ದು ನಿಂತಿತು. ಚಕ್ಕಡಿಯನ್ನು ದಾಟಿ ಹೋಗಲು ಜಾಗವಿದ್ದರೂ ದಾಟಲಿಲ್ಲ. ಮುಳ್ಳು ಅರ್ಧ ದಾಟಿ ಮೇಲೇರಿತು. ಗಿಡದ ನೆರಳು ಬರುವ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆಯೊಂದು ಎಳೆಯಾಗಿ ಎದ್ದಿತು. ಅದರಲ್ಲಿ ಮೆಣಸಿನಕಾಯಿಯ ಘಾಟು ಇನ್ನೂ ಚೂರು ಉಳಿದಿತ್ತು. ಸೋಮವ್ವ ಸೀನಿ, ಸೀಟಿನ ಕೆಳಗೆ ಕಳಚಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದಲೇ ತಡಕತೊಡಗಿದರು.