ಖಾಲಿ ರೀಲುಗಳ ಪೆಟ್ಟಿಗೆ

ತಾಯಿ ತೀರಿಕೊಂಡ ಬೆಳಗ್ಗೆ, ಹಿರಿಯ ಮಗ ಕೀಟನಾಶಕದ ಡಬ್ಬಿಯನ್ನು ಕುಲುಕುತ್ತ ಹಿತ್ತಲ ಬಾಗಿಲು ದಾಟುವಷ್ಟರಲ್ಲಿ, ಕಿರಿಯ ಸೊಸೆ ಮರದ ಬೆಂಚನ್ನು ದರದರ ಎಳೆದು ಗೋಡೆಗೆ ಒತ್ತಿ ಅದರ ಮೇಲೆ ಕೂತುಬಿಟ್ಟಳು. ಅವಳ ತಲೆಯ ಮೇಲೆ, ಗೋಡೆಗೆ ಹೊಡೆದ ಹಳೆಯ ಪೆಟ್ಟಿಗೆಯೊಂದರಲ್ಲಿ, ದಾರ ಮುಗಿದ ಮರದ ರೀಲುಗಳು ಒತ್ತೊತ್ತಾಗಿ ತುಂಬಿದ್ದವು. ಆ ರೀಲುಗಳ ತೂತುಗಳೊಳಗೆ ಸಣ್ಣ ಕಾಡುಜೇನುಗಳು ಹೋಗಿ ಬಂದು ಮಾಡುತ್ತಿದ್ದವು.

"ಏಳಮ್ಮ ಸ್ವಲ್ಪ," ಎಂದ ಭಾವ.

ಅವಳು ಏಳಲಿಲ್ಲ.

"ಒಳಗೆ ಜಾಗ ಸಾಲಲ್ಲ. ಅಮ್ಮನ್ನ ಇಲ್ಲೇ ಮಲಗಿಸ್ಬೇಕು. ಬಂದ ಜನಕ್ಕೆ ಒಂದು ಹುಳ ಕಚ್ಚಿದ್ರೂ ಇವತ್ತು ದೊಡ್ಡ ರಂಪ ಆಗುತ್ತೆ."

"ಇವು ಕಚ್ಚಲ್ಲ ಭಾವ."

ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಅವಳು ಅವನಿಗೆ ಎದುರಾಡಿದ್ದು ಇದೇ ಮೊದಲು.

"ಹೋದ ವರ್ಷ ನನ್ನ ಮಗಳ ಕಣ್ಣು ಬದನೆಕಾಯಿ ಆಗಿತ್ತಲ್ಲ, ಅದೇನು ಮುತ್ತಿಟ್ಟಿದ್ದಾ?"

"ಅದು ಕಣಜ. ಸೂರಿನ ಕೆಳಗಿತ್ತು. ಅತ್ತೆನೇ ತೆಗೆಸಿದ್ರು."

ಒಳಗಿನಿಂದ ಯಾರೋ ಕರೆದರು. ಭಾವ ಡಬ್ಬಿಯನ್ನು ಕಿಟಕಿಯ ಮೇಲಿಟ್ಟ. "ಮಂಚ ಹೊರಗೆ ಹಾಕಿಸಿ ಬರ್ತೀನಿ. ಅಷ್ಟರಲ್ಲಿ ನೀನಾಗೇ ಎದ್ದಿದ್ರೆ ಒಳ್ಳೇದು."

ಅವನು ಹೋದ ಮೇಲೂ ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ನಾಲ್ಕು ದಿನದ ಹಿಂದೆ, ಉಸಿರು ಸಿಕ್ಕಿಕೊಳ್ಳುತ್ತಿದ್ದಾಗಲೂ ಅತ್ತೆ ಕೇಳಿದ್ದು ಒಂದೇ: "ಪೆಟ್ಟಿಗೆ ಒದ್ದೆ ಆಗಿದ್ಯಾ ನೋಡಿದ್ಯಾ?" ನೋಡಿದ್ದೀನಿ ಎಂದಿದ್ದಳು. "ನೋಡ್ಕೊಳ್ತಿರು," ಎಂದಿದ್ದರು ಅತ್ತೆ.

*

ಬೀದಿಯಲ್ಲಿ ಅತ್ತೆಗೆ ಕಾಜಾದಮ್ಮ ಎಂದೇ ಹೆಸರು. ಮೂವತ್ತು ವರ್ಷ ಟೈಲರ್ ಅಂಗಡಿಯ ಅಂಗಿಗಳನ್ನು ಮನೆಗೆ ತಂದು ಗುಂಡಿಯ ತೂತುಗಳಿಗೆ ಕೈಯಲ್ಲೇ ಕಾಜಾ ಹಾಕಿ, ಗುಂಡಿ ಹೊಲಿದು ಕೊಟ್ಟವರು. ಅವರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಸೊಸೆ ಬಂದ ಎರಡನೇ ತಿಂಗಳು. ಒಂದು ಬೆಳಗ್ಗೆ ಅತ್ತೆ ಗುಲಾಬಿ ಗಿಡದ ಎಲೆಯೊಂದನ್ನು ತಂದು ಅವಳ ಮುಂದೆ ಹಿಡಿದರು. ಎಲೆಯ ಅಂಚಿನಲ್ಲಿ ಗುಂಡಗೆ, ಒಂದು ಎಳೆಯೂ ಏಳದಂತೆ ಕತ್ತರಿಸಿದ ಗುರುತು.

"ನನ್ನ ಕತ್ತರಿ ಮುಟ್ಟಿದ್ಯಾ?"

ಅವಳು ನೆಲ ನೋಡುತ್ತ ನಿಂತಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಶಾಲೆಯಲ್ಲೂ ಹೀಗೇ, ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

"ಕೈ ಪಳಗಿಸ್ಕೋಬೇಕಂದ್ರೆ ಹಳೇ ಬಟ್ಟೆ ಇಲ್ವಾ? ಗಿಡದ ಮೇಲೆ ಯಾಕೆ?" ಎಂದವರೇ ಅತ್ತೆ ಕತ್ತರಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮಾರನೆಯ ದಿನ ಇನ್ನೂ ನಾಲ್ಕು ಎಲೆಗಳಲ್ಲಿ ಅದೇ ಗುರುತಿತ್ತು. ಬೀಗ ಹಾಗೇ ಇತ್ತು. ಅತ್ತೆ ಎಲೆಯನ್ನೂ ಬೀಗವನ್ನೂ ನೋಡಿದರು, ಆದರೂ ತಪ್ಪಾಯಿತು ಎನ್ನಲಿಲ್ಲ.

ಸೊಸೆಗೆ ಮಾತು ಬರದಿದ್ದರೂ ಕಣ್ಣಿತ್ತು. ಮೂರು ದಿನ ಬಟ್ಟೆ ಒಗೆಯುತ್ತ ಗಿಡವನ್ನೇ ಕಾದಳು. ನಾಲ್ಕನೆಯ ದಿನ ಓಡಿಹೋಗಿ ಅತ್ತೆಯ ಕೈ ಹಿಡಿದು ಎಳೆದುಕೊಂಡು ಬಂದಳು. ಎಲೆಯ ಅಂಚಿನಲ್ಲಿ ಒಂದು ಸಣ್ಣ ಜೇನು ಕೂತು, ಕೈವಾರ ತಿರುಗಿಸಿದ ಹಾಗೆ ಸುತ್ತುತ್ತ ಎಲೆ ಕತ್ತರಿಸುತ್ತಿತ್ತು. ಹತ್ತು ಎಣಿಸುವುದರೊಳಗೆ ಗುಂಡು ತುಂಡೊಂದನ್ನು ಹೊಟ್ಟೆಯಡಿ ಮಡಚಿಕೊಂಡು ಹಾರಿತು. ಇಬ್ಬರೂ ಅದರ ಹಿಂದೆಯೇ ಹೋದರು. ಅದು ನೇರ ಹೊಲಿಗೆ ಕೋಣೆಯ ಕಿಟಕಿಯ ಮೇಲೆ ಬಿದ್ದಿದ್ದ ಖಾಲಿ ರೀಲಿನ ತೂತಿನೊಳಗೆ ನುಗ್ಗಿತು.

ಅತ್ತೆ ಬಹಳ ಹೊತ್ತು ನಿಂತು ನೋಡಿದರು. "ನನ್ನ ಕೈಗೂ ಇಷ್ಟು ಗುಂಡಗೆ ಬರಲ್ಲ," ಎಂದರು. ಆಮೇಲೆ ಒಳಗೆ ಹೋಗಿ ಬೀಗ ತೆಗೆದು, ಕತ್ತರಿಯನ್ನು ತಂದು ಸೊಸೆಯ ಕೈಗೆ ಕೊಟ್ಟರು. "ಹಿಡಿ. ಇವತ್ತಿಂದ ಕಾಜಾ ಕಲಿ."

ಅದೇ ವಾರ ಗೋಡೆಗೆ ಪೆಟ್ಟಿಗೆ ಬಂತು. ಎರಡೆರಡು ರೀಲು ಅಂಟಿಸಿ, ಹಿಂದಿನ ತೂತು ಮೇಣದಲ್ಲಿ ಮುಚ್ಚಿ, ಬೆಳಗಿನ ಬಿಸಿಲು ಬೀಳುವ ಕಡೆ ಮುಖ ಮಾಡಿ ಜೋಡಿಸಿದರು. ಗಿಡಗಳಿಗೆ ಔಷಧಿ ಹೊಡೆಯುವುದು ನಿಂತಿತು. ಯಾವ ತುಂಡು ಯಾವುದಕ್ಕೆ ಎಂದು ಕಂಡುಹಿಡಿದವರೂ ಅತ್ತೆಯೇ. "ಉದ್ದದ್ದು ಗೂಡಿನ ಗೋಡೆಗೆ, ಗುಂಡಗಿರೋದು ಮುಚ್ಚಳಕ್ಕೆ. ಒಳಗೆ ಊಟ ಇಟ್ಟು, ಮೊಟ್ಟೆ ಇಟ್ಟು, ಕೊನೇಲಿ ಗುಂಡು ತುಂಡು. ನೋಡು, ಕೆಲಸ ಮುಗೀತು ಅಂತ ಅದರ ಲೆಕ್ಕ."

ಎಲೆಯೆಲ್ಲ ತೂತಾಯಿತಲ್ಲ ಎಂದು ಭಾವ ಗೊಣಗಿದರೆ, "ತೂತಿಲ್ದೆ ಗುಂಡಿ ಹಾಕೋಕಾಗುತ್ತೇನೋ?" ಎನ್ನುತ್ತಿದ್ದರು.

*

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ತುಂಬಿತು. ಗುಲಾಬಿ ಗಿಡದ ಪಕ್ಕ ಮಂಚ ಹಾಕಿ, ಅತ್ತೆಯನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಜನರೆದುರು ಗಲಾಟೆ ಬೇಡವೆಂದೋ ಏನೋ, ಭಾವ ಸೊಸೆಯನ್ನು ದುರುಗುಟ್ಟಿ ನೋಡಿ ತಾಯಿಯ ತಲೆಯ ಬಳಿ ಕೂತ. ಡಬ್ಬಿ ಕಿಟಕಿಯ ಮೇಲೇ ಇತ್ತು. ಅವಳು ಎದ್ದರೆ ಅವನೂ ಏಳುತ್ತಾನೆಂದು ಅವಳಿಗೆ ಗೊತ್ತಿತ್ತು.

"ಸೊಸೆ ನೋಡು," ಎಂದಳು ಬಂದವಳೊಬ್ಬಳು, ಕೇಳಲಿ ಎಂದೇ. "ಅತ್ತೆ ಹೆಣದ ಹತ್ರಾನೂ ಬರದೆ ಮಹಾರಾಣಿ ಹಾಗೆ ಬೆಂಚ್ ಮೇಲೆ ಕೂತಿದಾಳೆ."

ಅವಳ ಕಣ್ಣು ತುಂಬಿತು. ಕಾಲು ತಾನಾಗಿ ನೆಲಕ್ಕೆ ಒತ್ತಿತು. ಆದರೂ ಏಳಲಿಲ್ಲ.

ಟೈಲರ್ ಬಂದು ಕೈ ಮುಗಿದು, ಪೆಟ್ಟಿಗೆಯ ಕಡೆ ಕಣ್ಣು ಕಿರಿದು ಮಾಡಿದ. "ಎಲ್ಲಾ ನಮ್ಮಂಗಡಿ ರೀಲು. ಜೇನು ಸಾಕಿದೀರಾ ಕಾಜಾದಮ್ಮ, ತುಪ್ಪ ಎಲ್ಲಿ ಅಂತ ಒಂದ್ಸಲ ಕೇಳಿದ್ದೆ. ಅದಕ್ಕವರು, ತುಪ್ಪ ಕೊಡೋರನ್ನೇ ಮನೇಲಿಟ್ಕೋಬೇಕು ಅಂದ್ರೆ ನನ್ನ ಮಕ್ಕಳನ್ನ ಎಲ್ಲಿಗೆ ಕಳಿಸ್ಲಿ ಅಂದಿದ್ರು."

ಅಳುತ್ತಿದ್ದವರ ನಡುವೆಯೂ ಒಂದಿಬ್ಬರು ನಕ್ಕರು. ಭಾವ ನಗಲಿಲ್ಲ, ಮೂಗು ಒರೆಸಿಕೊಂಡ.

ಎದುರುಮನೆಯಾಕೆ ಬಂದು ಸೊಸೆಯ ಭುಜ ಮುಟ್ಟಿದಳು. ಸೊಸೆ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಅಕ್ಕಾ, ಆ ಗಿಡದಿಂದ ಒಂದು ರೆಂಬೆ ಕಿತ್ತು ಅತ್ತೆ ಎದೆ ಮೇಲೆ ಇಡ್ತೀರಾ? ನಾನು ಏಳೋ ಹಾಗಿಲ್ಲ."

"ಎಲೆಯೆಲ್ಲ ತೂತಿದೆಯಲ್ಲೇ. ಅಂಗಡಿ ಹೂವಿದೆ, ಚೆನ್ನಾಗಿದೆ."

"ಅದೇ ಬೇಕು ಅಕ್ಕಾ."

ಆಕೆ ರೆಂಬೆ ಮುರಿದು ತಂದು ಬಿಳಿ ಬಟ್ಟೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಜೇನೊಂದು ಬಂತು. ಮಂಚದ ಸುತ್ತ ಕೂತವರು ಹಿಂದೆ ಸರಿದರು. ಯಾರೋ ಓಡಿಸಲು ಸೆರಗು ಎತ್ತಿದರು. ಭಾವ ಕೈ ಅಡ್ಡ ಹಿಡಿದ. ಏಕೆ ಹಿಡಿದನೆಂದು ಅವನಿಗೂ ತಿಳಿದಂತೆ ಕಾಣಲಿಲ್ಲ. ಜೇನು ಎದೆಯ ಮೇಲಿನ ರೆಂಬೆಯಲ್ಲಿ ಒಂದು ಎಲೆ ಆರಿಸಿ, ಅಂಚಿಗೆ ಕೂತು, ಸುತ್ತತೊಡಗಿತು. ಅವನು ಬಾಗಿ ನೋಡಿದ. ಮೂರು ವರ್ಷದಿಂದ ಬೈದಿದ್ದನೇ ಹೊರತು ಒಮ್ಮೆಯೂ ನಿಂತು ನೋಡಿದವನಲ್ಲ.

ತುಂಡು ಕಳಚಿತು. ಜೇನು ಅದನ್ನು ಹೊತ್ತು, ಕೂತವರ ತಲೆಯ ಮೇಲಿಂದ ಹಾದು, ಸೊಸೆಯ ಕಿವಿಯ ಪಕ್ಕ ಒಂದು ಗಳಿಗೆ ತಡವರಿಸಿ ರೀಲಿನೊಳಗೆ ಹೋಯಿತು.

ಭಾವ ಎದ್ದು ನೇರ ಬೆಂಚಿನ ಕಡೆ ಬಂದ. ಅವಳು ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವನು ಕಿಟಕಿಯ ಮೇಲಿದ್ದ ಡಬ್ಬಿಯನ್ನು ತೆಗೆದುಕೊಂಡ. ಹಿಂದೆಯೇ ನಿಂತಿದ್ದ ಟೈಲರ್ ಕೈಗೆ ಕೊಟ್ಟು, "ಇದನ್ನ ಎಲ್ಲಾದ್ರೂ ಒಳಗಿಡಿ," ಎಂದ.

ಆಮೇಲೆ ಅವಳಿಗೆ ಹೇಳಿದ: "ನಿನ್ನ ತಲೆ ಅದರ ದಾರಿಗೆ ಅಡ್ಡ ಇದೆ. ಏಳು. ಅಮ್ಮನ ಹತ್ರ ಹೋಗು. ನಾನು ಕೂತಿರ್ತೀನಿ."

ಅವನು ಬೆಂಚಿನ ಒಂದು ಮೂಲೆಗೆ, ಪೆಟ್ಟಿಗೆಗೆ ಅಡ್ಡವಾಗದಂತೆ, ತಲೆ ತಗ್ಗಿಸಿ ಕೂತ.

ಜನ ದಾರಿ ಬಿಟ್ಟರು. ಅವಳು ಮಂಚದ ಬಳಿ ಮಂಡಿಯೂರಿದಳು. ರೆಂಬೆಯಲ್ಲಿ ಅಷ್ಟು ಹಳೆಯ ತೂತುಗಳ ನಡುವೆ ಹೊಸದೊಂದಿತ್ತು. ಅಂಚು ಇನ್ನೂ ಹಸಿ. ಉದ್ದದ್ದಲ್ಲ, ಗುಂಡಗಿತ್ತು. ಅದರೊಳಗಿಂದ ಬಿಳಿ ಬಟ್ಟೆ, ಹೊಲಿದು ಮುಗಿಸಿದ ಗುಂಡಿಯ ಹಾಗೆ, ಕಾಣುತ್ತಿತ್ತು.